ಕಾಯುವವರ ಹೊತ್ತಿಗೆ ಬೆಲೆ ಎಷ್ಟು?

ಪೇಪರಿನಲ್ಲಿ ಆಗಾಗ ಒಂದು ಬುದ್ಧಿಮಾತು ಬರುತ್ತದೆ. ವಿಮಾನ ನಿಲ್ದಾಣದಲ್ಲಿ ಕಾಯುವ ಹೊತ್ತನ್ನು ಹಾಳು ಮಾಡಬೇಡಿ ಅಂತ. ಪುಸ್ತಕ ಓದಿ, ಬಾಕಿ ಉಳಿದ ಕೆಲಸ ಮುಗಿಸಿ, ಎದ್ದು ನಾಲ್ಕು ಹೆಜ್ಜೆ ಓಡಾಡಿ, ಹೊಸ ಭಾಷೆ ಕಲಿಯಿರಿ, ಕಣ್ಣು ಮುಚ್ಚಿ ಧ್ಯಾನ ಮಾಡಿ. ಒಳ್ಳೆಯ ಮಾತೇ. ಹೊತ್ತು ಯಾರದಾದರೂ ಹೊತ್ತೇ, ಹಾಳಾಗಬಾರದು. ಆದರೆ ಈ ಮಾತನ್ನು ಯಾರಿಗೆ ಹೇಳುತ್ತಾರೆ, ಯಾರಿಗೆ ಹೇಳುವುದಿಲ್ಲ ಅನ್ನೋದನ್ನು ಸ್ವಲ್ಪ ನಿಂತು ನೋಡಬೇಕು.

ಮೈಸೂರಿನಿಂದ ನಂಜನಗೂಡಿಗೆ ಬರುವ ರಸ್ತೆಯ ಪಕ್ಕದಲ್ಲೇ ಮಂಡಕಳ್ಳಿಯ ವಿಮಾನ ನಿಲ್ದಾಣವಿದೆ. ರಾಜರ ಕಾಲದ್ದು. 2010ರಲ್ಲಿ ಹೊಸದಾಗಿ ಕಟ್ಟಿ ಮತ್ತೆ ತೆರೆದರು. ನಮ್ಮ ಕೆಂಪು ಬಸ್ಸು ಅದರ ಮುಂದೆಯೇ ಹಾದು ಬರುತ್ತದೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರು ಬಗ್ಗಿ ಆ ಕಡೆ ನೋಡುತ್ತಾರೆ. 'ಇವತ್ತು ಏರೋಪ್ಲೇನು ಬಂದಿದ್ದದಾ?' ಅಂತ ಒಬ್ಬರು ಕೇಳಿದರೆ, 'ಯಾವನಿಗ್ಗೊತ್ತು ಬುಡಪ್ಪ' ಅಂತ ಇನ್ನೊಬ್ಬರು. ಅಲ್ಲಿ ಒಳಗೆ ಕೂತವರೂ ಕಾಯುತ್ತಿದ್ದಾರೆ. ಇಲ್ಲಿ ಬಸ್ಸು ಹತ್ತಿದವರೂ ಕಾದು ಕಾದು ಹತ್ತಿದವರೇ. ಎರಡೂ ಒಂದೇ ಕಾಯುವಿಕೆಯಾ?

ವಿಮಾನಕ್ಕೆ ಕಾಯುವವನಿಗೆ ಎರಡು ಗಂಟೆ ಮೊದಲೇ ಬಾ ಅಂತ ಹೇಳಿರುತ್ತಾರೆ. ಕೂರಲು ಕುರ್ಚಿ, ಕುಡಿಯಲು ನೀರು, ಹೋಗಲು ಕಕ್ಕಸು ಎಲ್ಲ ಇದೆ. ಎಷ್ಟು ಗಂಟೆಗೆ ಹೊರಡುತ್ತದೆ, ಎಷ್ಟು ತಡವಾಗಿದೆ ಅಂತ ಎದುರಿನ ಬೋರ್ಡು ತೋರಿಸುತ್ತದೆ. ಅವನ ಕಾಯುವಿಕೆಗೆ ಒಂದು ಕೊನೆ ಇದೆ, ಆ ಕೊನೆ ಅವನ ಕಣ್ಣೆದುರಿಗೇ ಬರೆದಿದೆ. ಒಂದು ಗಂಟೆ ಇದೆ ಅಂತ ಗೊತ್ತಾದವನು ಒಂದು ಗಂಟೆಯ ಓದು ಓದಬಲ್ಲ. ಟಿ. ನರಸೀಪುರದ ಬಸ್ ನಿಲ್ದಾಣದಲ್ಲಿ ಕೂಲಿ ಮುಗಿಸಿಕೊಂಡು ಸಂಜೆ ಊರ ಕಡೆಯ ಬಸ್ಸಿಗೆ ಕಾಯುವ ಹೆಂಗಸಿಗೆ ಹಾಗೆ ಹೇಳುವವರು ಯಾರು? 'ಬತ್ತದ ಕನವ್ವ, ಕುಂತ್ಕ' ಅನ್ನುತ್ತಾರೆ, ಅಷ್ಟೆ. ನೀರು ಕುಡಿಯಲು ಎದ್ದು ಹೋದರೆ ಬಸ್ಸು ಹೊರಟೇ ಹೋಗಬಹುದು. ಕತ್ತಲಾದರೆ ಮನೆಯಲ್ಲಿ ಮಕ್ಕಳು ಹಸಿದಿರುತ್ತವೆ. ಆಕೆಯ ಮೈಯೆಲ್ಲ ಕಿವಿಯಾಗಿ ಬಸ್ಸಿನ ಸದ್ದಿಗೆ ನೆಟ್ಟಿರುತ್ತದೆ. ಅಂಥವಳಿಗೆ ಹೊತ್ತು ಹಾಳು ಮಾಡಬೇಡ, ಧ್ಯಾನ ಮಾಡು ಅಂತ ಯಾವ ಬಾಯಲ್ಲಿ ಹೇಳೋದು? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಆಕೆಗೆ ಟಿಕೆಟ್ ದುಡ್ಡು ಉಳಿಯಿತು. ಅದು ಸಣ್ಣ ಮಾತಲ್ಲ, ಕೂಲಿಯವಳ ಸೆರಗಿನ ಗಂಟಿನಲ್ಲಿ ಉಳಿದ ದುಡ್ಡು ಅದು. ಆದರೆ ಆಕೆಯ ಹೊತ್ತು ಅದಕ್ಕೂ ಮೊದಲಿನಿಂದಲೂ ಬಿಟ್ಟಿಯಾಗೇ ಹೋಗುತ್ತಿತ್ತು, ಈಗಲೂ ಹೋಗುತ್ತಿದೆ. ಅದನ್ನು ಲೆಕ್ಕ ಹಾಕಿದವರು ಯಾರೂ ಇಲ್ಲ.

ಆದ್ದರಿಂದ ಕಾಯುವ ಹೊತ್ತನ್ನು ಹೇಗೆ ಬಳಸೋದು ಅನ್ನೋದು ಎರಡನೆಯ ಪ್ರಶ್ನೆ. ಕಾಯಿಸಿದವರು ಯಾರು, ಯಾಕೆ ಕಾಯಿಸಿದರು ಅನ್ನೋದು ಮೊದಲನೆಯದು. ಮೊದಲನೆಯದನ್ನು ಕೇಳದೆ ಎರಡನೆಯದಕ್ಕೆ ಹಾರುವವರ ನೀತಿ ನನಗೆ ಅನುಮಾನ.

ನಮ್ಮ ಭಾಷೆಯಲ್ಲಿ 'ಕಾಯು' ಅನ್ನೋ ಮಾತಿಗೆ ಮೂರು ಅರ್ಥ. ದನ ಕಾಯೋದು, ಹೊಲ ಕಾಯೋದು, ಊರು ಕಾಯೋದು ಒಂದು. ದಾರಿ ಕಾಯೋದು, ಬಾಗಿಲಲ್ಲಿ ನಿಂತು ಕಾಯೋದು ಇನ್ನೊಂದು. ಒಲೆಯ ಮೇಲೆ ನೀರು ಕಾಯೋದು, ಬೆಂಕಿಯಲ್ಲಿ ಕಬ್ಬಿಣ ಕಾಯೋದು ಮೂರನೆಯದು. ಮೊದಲ ಎರಡನ್ನು ಈ ಸಮಾಜ ನಮ್ಮ ಕೇರಿಗೆ ಪಾಲು ಹಾಕಿ ಕೊಟ್ಟಿತು. ಊರಿನ ಬೆಳೆ ಕಾದವರು ನಾವು, ರಾಶಿಯಾದ ಮೇಲೆ ಕಣದ ಅಂಚಿನಲ್ಲಿ ಆಯಕ್ಕೆ ಕಾದು ಕೂತವರೂ ನಾವು. ಹಬ್ಬದ ದಿನ ಊರೊಳಗೆ ಎಲ್ಲರ ಊಟ ಮುಗಿಯುವ ಗಂಟ ತಂಗಳು ಅನ್ನಕ್ಕೆ ಬೋಗುಣಿ ಹಿಡಿದು ಕಾದವರು ನಮ್ಮ ಅವ್ವಂದಿರು. 'ಬುದ್ಧೀ' ಅಂತ ಹೊರಗಿಂದ ಕೂಗಿ, ಒಳಗಿನವರಿಗೆ ಪುರುಸೊತ್ತಾಗುವ ತನಕ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತವರು ನಮ್ಮ ತಾತಂದಿರು. ಒಳಗಿನವರಿಗೆ ಕೆಲಸವಿತ್ತು ಅಂತಲ್ಲ. ಎಷ್ಟು ಹೊತ್ತು ಕಾಯಿಸುತ್ತೇನೋ ಅಷ್ಟು ನಾನು ದೊಡ್ಡವನು ಅನ್ನೋದು ಅಲ್ಲಿನ ಲೆಕ್ಕ. ಮುಟ್ಟದೆಯೂ ಮೈಲಿಗೆ ಮಾಡುವುದು ಹೇಗೆಂದು ಬಲ್ಲ ಜನ, ಹೊಡೆಯದೆಯೂ ಶಿಕ್ಷಿಸುವುದು ಹೇಗೆಂದು ಬಲ್ಲರು. ಅದಕ್ಕೆ ಕಾಯಿಸಿದರೆ ಸಾಕು.

ಇದು ಹಳೆಯ ಕಾಲದ ಮಾತು, ಈಗ ಕಾನೂನಿದೆ ಅನ್ನುವವರಿದ್ದಾರೆ. ಕಾನೂನಿನ ಲೆಕ್ಕವನ್ನೇ ನೋಡೋಣ. 2010ರಲ್ಲಿ ಕೇಂದ್ರದ ವಿಮಾನಯಾನ ಮಹಾನಿರ್ದೇಶನಾಲಯ ಒಂದು ನಿಯಮ ತಂದಿತು. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ ಕಾಯುವವರಿಗೆ ಕಂಪನಿಯೇ ತಿಂಡಿತೀರ್ಥ ಕೊಡಬೇಕು. ಆರು ಗಂಟೆ ಮೀರಿದರೆ ಬೇರೆ ವಿಮಾನ ಇಲ್ಲವೇ ಪೂರಾ ಹಣ ವಾಪಸು. ಸರಿಯಾದ ನಿಯಮ. ನನ್ನ ತಕರಾರಿಲ್ಲ. ಮನುಷ್ಯನ ಹೊತ್ತಿಗೆ ಬೆಲೆ ಇದೆ ಅಂತ ಸರ್ಕಾರಕ್ಕೆ ಗೊತ್ತಿದೆ ಅನ್ನೋದಕ್ಕೆ ಅದೇ ಸಾಕ್ಷಿ.

ಅದೇ ಸರ್ಕಾರ ಕೂಲಿಯವರ ಹೊತ್ತಿಗೆ ಕಟ್ಟಿದ ಬೆಲೆ ನೋಡಿ. 2005ರ ಉದ್ಯೋಗ ಖಾತ್ರಿ ಕಾಯಿದೆಯಡಿ ಕೆರೆ ಹೂಳು ಎತ್ತಿದವರಿಗೆ ಹದಿನೈದು ದಿನದೊಳಗೆ ಕೂಲಿ ಕೊಡಬೇಕಿತ್ತು. ಹದಿನಾರನೇ ದಿನದಿಂದ ತಡವಾದ ಹಣಕ್ಕೆ ದಿನಕ್ಕೆ ಶೇಕಡ 0.05ರಂತೆ ಪರಿಹಾರ. ಅಂದರೆ ನೂರು ರೂಪಾಯಿ ಕೂಲಿಯನ್ನು ಒಂದು ದಿನ ತಡೆದಿಟ್ಟುಕೊಂಡರೆ ಐದು ಪೈಸೆ. ಐದು ಪೈಸೆಯ ನಾಣ್ಯವೇ 2011ರ ಜೂನ್ 30ರ ಹೊತ್ತಿಗೆ ಈ ದೇಶದ ಚಲಾವಣೆಯಿಂದ ಹೋಯಿತು. ಇಲ್ಲದ ನಾಣ್ಯದಲ್ಲಿ ನಮ್ಮವರ ಹೊತ್ತಿಗೆ ಬೆಲೆ ಕಟ್ಟಿದರು. ನಮ್ಮ ರಾಜ್ಯದ 2011ರ ಸಕಾಲ ಕಾಯಿದೆ ಸ್ವಲ್ಪ ಧಾರಾಳಿ. ಹೇಳಿದ ದಿನಕ್ಕೆ ಕೆಲಸ ಮಾಡಿಕೊಡದಿದ್ದರೆ ದಿನಕ್ಕೆ 20 ರೂಪಾಯಿ, ಎಷ್ಟೇ ತಡವಾದರೂ 500 ರೂಪಾಯಿ ಮೀರುವಂತಿಲ್ಲ. ಇಪ್ಪತ್ತೈದು ದಿನ ಕಾಯಿಸಿದ ಮೇಲೆ ಇಪ್ಪತ್ತಾರನೇ ದಿನದ ಕಾಯುವಿಕೆ ಮತ್ತೆ ಬಿಟ್ಟಿ.

ಹೊತ್ತಿನ ಈ ತಾರತಮ್ಯ ಆಫೀಸಿನಲ್ಲಿ ಹುಟ್ಟಿದ್ದಲ್ಲ. ಅದರ ಬೇರು ನಮ್ಮ ಧರ್ಮದ ಮಾತುಗಳಲ್ಲಿದೆ. ಈ ಜನ್ಮದಲ್ಲಿ ನಿನ್ನ ಕಸುಬು ನೀನು ಮಾಡು, ಮುಂದಿನ ಜನ್ಮದಲ್ಲಿ ಮೇಲಿನ ಜಾತಿಯಲ್ಲಿ ಹುಟ್ಟುತ್ತೀಯೆ ಅಂತ ಕರ್ಮಸಿದ್ಧಾಂತ ಹೇಳಿತು. ಇದಕ್ಕಿಂತ ದೊಡ್ಡ ಕಾಯುವ ಕೋಣೆಯನ್ನು ಪ್ರಪಂಚದಲ್ಲಿ ಯಾರೂ ಕಟ್ಟಿಲ್ಲ. ಒಂದು ಇಡೀ ಜನಾಂಗವನ್ನು ಅದರೊಳಗೆ ಕೂರಿಸಿ, ಸಾಯುವ ತನಕ ಕಾಯಿರಿ, ಸತ್ತ ಮೇಲೆ ನಿಮ್ಮ ಸರದಿ ಅಂದರು. ಕಾದವಳಿಗೆ ಹೊಗಳಿಕೆಯೂ ಸಿಕ್ಕಿತು. ಶಬರಿ ಮುಪ್ಪಾಗುವ ತನಕ ರಾಮನಿಗಾಗಿ ಕಾದಳು, ಅವಳು ಭಕ್ತಿಯ ಮಾದರಿಯಾದಳು. ಶಂಬೂಕ ಮುಂದಿನ ಜನ್ಮಕ್ಕೆ ಕಾಯಲಿಲ್ಲ, ಈ ಜನ್ಮದಲ್ಲೇ ತಪಸ್ಸಿಗೆ ಕೂತ. ಅದೇ ರಾಮ ಅವನ ತಲೆ ಕಡಿದ. ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ನೀತಿ ತಾನೇ ಗೊತ್ತಾಗುತ್ತದೆ. ತಾಳಿದವನು ಬಾಳಿಯಾನು ಅನ್ನೋ ಗಾದೆಯನ್ನು ನಾನೂ ಬಾಲ್ಯದಿಂದ ಕೇಳಿದ್ದೇನೆ. ಒಬ್ಬರೇ ತಾಳುತ್ತಾ ಇನ್ನೊಬ್ಬರೇ ಬಾಳುತ್ತಾ ಬಂದಿರುವ ಊರಿನಲ್ಲಿ ಆ ಗಾದೆಯನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ನೋಡಿಕೊಂಡೇ ಕೇಳಬೇಕು.

ಈಗ ಜಮೀನಿನ ವಿಷಯಕ್ಕೆ ಬರೋಣ. ಬಗರ್ ಹುಕುಂ ಸಾಗುವಳಿಯನ್ನು ಸಕ್ರಮ ಮಾಡಲು ಸರ್ಕಾರ ಮೂರು ಸಲ ಅರ್ಜಿ ಕರೆಯಿತು. ನಮೂನೆ 50, ಆಮೇಲೆ ನಮೂನೆ 53, ಆಮೇಲೆ ನಮೂನೆ 57. ಅಪ್ಪ 50 ತುಂಬಿದ, ಮಗ 53 ತುಂಬಿದ, ಮೊಮ್ಮಗ 57 ತುಂಬಿದ ಅನ್ನುವ ಮನೆಗಳು ನಮ್ಮ ಕಡೆ ಇವೆ. ಆ ಮನೆಗಳಲ್ಲಿ ಜಮೀನಿನ ಬದಲು ಹಿಂಬರಹದ ಚೀಟಿಗಳು ವಂಶಪಾರಂಪರ್ಯವಾಗಿ ಬರುತ್ತಿವೆ. ಕಾದದ್ದು ಅಲ್ಲಿಗೇ ಮುಗಿಯುವುದಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಷರತ್ತು ಮುರಿದು ಬೇರೆಯವರ ಕೈ ಸೇರಿದ್ದರೆ ಅದನ್ನು ಬಿಡಿಸಿ ಕೊಡಲು 1978ರಲ್ಲಿ ಪಿಟಿಸಿಎಲ್ ಕಾಯಿದೆ ಬಂತು. ಆ ಕಾಯಿದೆಯ ಕೆಳಗೆ ಅರ್ಜಿ ಹಾಕಲೂ ನ್ಯಾಯವಾದ ಒಂದು ಕಾಲಾವಧಿ ಇರಬೇಕು, ಬಹಳ ತಡಮಾಡಿ ಬಂದವರ ಅರ್ಜಿ ನಿಲ್ಲುವುದಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ ಹೇಳಿತು. ಅದನ್ನು ಹಿಡಿದುಕೊಂಡು ಎಷ್ಟೋ ಕೇಸುಗಳು ಬಿದ್ದುಹೋದವು. ಧರಣಿ ಕೂತು, ಕೂಗಿ, ಕೊನೆಗೆ 2023ರಲ್ಲಿ ಇದಕ್ಕೆ ಕಾಲಮಿತಿ ಇಲ್ಲ ಅಂತ ಕಾಯಿದೆಗೇ ತಿದ್ದುಪಡಿ ತರಿಸಿಕೊಳ್ಳಬೇಕಾಯಿತು. ಇದರಲ್ಲಿರುವ ನೀತಿಯ ಪ್ರಶ್ನೆ ಗಮನಿಸಿ. ಅಕ್ಷರ ಕೊಡದೆ, ದಾಖಲೆ ತೋರಿಸದೆ, ಕಚೇರಿಯ ಮೆಟ್ಟಿಲಲ್ಲಿ ವರ್ಷಗಟ್ಟಲೆ ಕಾಯಿಸಿದ ವ್ಯವಸ್ಥೆಯೇ ಒಂದು ದಿನ ಕತ್ತೆತ್ತಿ, ಯಾಕಯ್ಯಾ ಇಷ್ಟು ತಡವಾಗಿ ಬಂದೆ ಅಂತ ಕೇಳುತ್ತದೆ. ಕಾಯಿಸಿದವನ ತಪ್ಪು ಕಾದವನ ತಲೆಗೆ ಬರುತ್ತದೆ.

ರಕ್ತದ ಕಥೆಯೂ ಇದೇ. 1993ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ, ದೇವಸ್ಥಾನದ ಬಾಗಿಲ ಹೊರಗೆ ಇನ್ನು ಕಾಯುವುದಿಲ್ಲ ಅಂದ ಕೇರಿಯ ಮೂವರು ಕೊಲೆಯಾದರು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟರು. ಆರು ವರ್ಷ ಕಾದ ಮೇಲೆ 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಇನ್ನೂ ಎಂಟು ವರ್ಷ ಕಾದ ಮೇಲೆ 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿ ಹಿಡಿಯಿತು. ಆ ಹದಿನಾಲ್ಕು ವರ್ಷವನ್ನು ಸದುಪಯೋಗ ಮಾಡಿಕೊಳ್ಳುವುದು ಹೇಗೆ ಅಂತ ಯಾವ ಪುಸ್ತಕವೂ ಹೇಳಿಕೊಡಲಾರದು. ಅಲ್ಲಿ ಕಾಯುತ್ತಾ ಕಾಯುತ್ತಾ ಸಾಕ್ಷಿಯವರ ಬಾಯಿ ಕಟ್ಟಿಹೋಯಿತು. ತಡ ಆಯಿತು ಅಂದರೆ ಸುಮ್ಮನೆ ಹೊತ್ತು ಹೋಯಿತು ಅಂತ ತಿಳಿಯಬಾರದು. ತಡದೊಳಗೇ ಕೆಲಸ ನಡೆದಿರುತ್ತದೆ, ಯಾರದ್ದೋ ಪರವಾಗಿ.

ಗೆಳೆಯರೊಬ್ಬರು ಇದನ್ನೆಲ್ಲ ಕೇಳಿ ಒಂದು ಮಾತು ಅಂದರು. 'ನೀನು ಹೇಳೋದು ಸರಿ ಕನಪ್ಪ. ಆದ್ರ ನಾವು ಓದಿದ್ದೇ ಕಾಯೋ ಹೊತ್ತಲ್ಲಿ ಅಲ್ವಾ? ದನ ಕಾಯ್ತಾ ಓದಿದೋ, ಬಸ್ಸಿಗೆ ಕಾಯ್ತಾ ಓದಿದೋ, ಸ್ಕಾಲರ್‌ಶಿಪ್ಪಿಗೆ ಕಾಯ್ತಾ ಓದಿದೋ. ಪೇಪರಿನವನು ಹೇಳೋದನ್ನ ನಾವು ಆಗ್ಲೇ ಮಾಡಿವಿ.' ಇದು ನಿಜ. ತಳ್ಳಿ ಹಾಕುವ ಮಾತಲ್ಲ. ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಮಾಡಿದವರೆಲ್ಲ ಹೀಗೆ ಬಿದ್ದ ಹೊತ್ತನ್ನು ಆಯ್ದುಕೊಂಡೇ ಓದಿದವರು, ಕೊಯ್ಲಾದ ಹೊಲದಲ್ಲಿ ತೆನೆ ಆಯ್ದ ಹಾಗೆ. ಆ ಓದಿಗೆ ನಾನು ತಲೆಬಾಗುತ್ತೇನೆ. ಆದರೆ ತೆನೆ ಆಯ್ದು ಹೊಟ್ಟೆ ಹೊರೆದೆವು ಅನ್ನೋದು ಹೊಲ ನಮಗೆ ಬೇಡ ಅನ್ನೋದಕ್ಕೆ ಕಾರಣವಾಗಬಾರದು. ನೋಡಿ, ಕಾಯುತ್ತಲೇ ಎಷ್ಟು ಮೇಲೆ ಬಂದಿದ್ದಾನೆ ಅಂತ ನಮ್ಮನ್ನು ತೋರಿಸಿ ಮಿಕ್ಕವರನ್ನು ಇನ್ನೂ ಕಾಯಿಸುವ ಜನ ಇದ್ದಾರೆ. ಅವರ ಕೈಗೆ ನಾವು ಉದಾಹರಣೆಯಾಗಿ ಸಿಕ್ಕಬಾರದು.

ಇನ್ನೊಂದು ಮಾತು. ಎಲ್ಲ ಕಾಯುವಿಕೆಯಲ್ಲೂ ಓದಲು ಆಗುವುದಿಲ್ಲ. ಅಂಬೇಡ್ಕರ್ ಅವರು 1930ರ ದಶಕದಲ್ಲಿ ತಮ್ಮ ಬದುಕಿನ ಕೆಲವು ನೆನಪುಗಳನ್ನು ಬರೆದಿಟ್ಟರು. ಅದು 1990ರಲ್ಲಿ ಪುಸ್ತಿಕೆಯಾಗಿ ಹೊರಬಂತು. ಹೆಸರು 'ವೇಟಿಂಗ್ ಫಾರ್ ಎ ವೀಸಾ'. ಹೆಸರಿನಲ್ಲೇ ಕಾಯುವಿಕೆ ಇದೆ, ಸ್ವಂತ ದೇಶದಲ್ಲಿ ಓಡಾಡಲು ಅಪ್ಪಣೆಗೆ ಕಾಯುವವನ ಕಥೆ. 1901ರಲ್ಲಿ, ಇನ್ನೂ ಚಿಕ್ಕ ಹುಡುಗ, ಕೋರೆಗಾಂವಿನಲ್ಲಿದ್ದ ಅಪ್ಪನನ್ನು ನೋಡಲು ಜೊತೆಯ ಹುಡುಗರೊಂದಿಗೆ ಹೊರಟು ಮಸೂರು ರೈಲ್ವೆ ನಿಲ್ದಾಣದಲ್ಲಿ ಇಳಿಯುತ್ತಾರೆ. ಕರೆದೊಯ್ಯಲು ಯಾರೂ ಬಂದಿಲ್ಲ. ಸ್ಟೇಷನ್ ಮಾಸ್ತರು ಬಂದು ವಿಚಾರಿಸುತ್ತಾನೆ, ಮಹಾರ್ ಮಕ್ಕಳು ಅಂತ ಗೊತ್ತಾದ ಕೂಡಲೇ ಮುಖ ತಿರುಗಿಸುತ್ತಾನೆ. ಗಾಡಿ ಕೇಳಿದರೆ ಯಾರೂ ಬರುವುದಿಲ್ಲ. ಕಡೆಗೆ ಎರಡರಷ್ಟು ಬಾಡಿಗೆ ಕೊಟ್ಟು, ತಾವೇ ಗಾಡಿ ಹೊಡೆದುಕೊಂಡು ಹೋಗಬೇಕಾಯಿತು. ದಾರಿಯಲ್ಲಿ ಕುಡಿಯಲು ನೀರು ಸಿಕ್ಕಲಿಲ್ಲ. 1917ರಲ್ಲಿ, ಅಮೆರಿಕ ಇಂಗ್ಲೆಂಡಿನಲ್ಲಿ ಓದಿ ಬಂದ ಅದೇ ಮನುಷ್ಯನನ್ನು ಬರೋಡಾದ ವಸತಿಗೃಹದಿಂದ ದೊಣ್ಣೆ ಹಿಡಿದು ಹೊರಗಟ್ಟಿದರು. ರಾತ್ರಿಯ ರೈಲಿನ ತನಕ ಒಂದು ಉದ್ಯಾನವನದಲ್ಲಿ ಕೂತು ಕಾದರು. ಓದಿಗೆ ಹೆಸರಾದ ಆ ಮನುಷ್ಯ ಆ ಹೊತ್ತನ್ನು ಬರಿದಾದ ಮನಸ್ಸಿನಲ್ಲಿ, ದುಃಖದಲ್ಲಿ ಕಳೆದದ್ದಾಗಿ ಬರೆದಿದ್ದಾರೆ. ಅವಮಾನದಿಂದ ಕಾಯುವವನಿಗೆ ಹೊತ್ತು ಇರುತ್ತದೆ, ಅದು ಅವನದಾಗಿರುವುದಿಲ್ಲ.

ಹಾಗಾದರೆ ಏನು ಮಾಡೋದು? ಅಂಬೇಡ್ಕರ್ ಅವರೇ ತೋರಿಸಿದ್ದಾರೆ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಮುಂಬಯಿ ಶಾಸನ ಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಕಾಗದದಲ್ಲಿ ನೀರು ಬಂತು, ಬಾಯಿಗೆ ಬರಲಿಲ್ಲ. ಕಾದರು. 1927ರ ಮಾರ್ಚ್ 20ರಂದು ಸಾವಿರಾರು ಜನ ಮಹಾಡಿನ ಚವದಾರ್ ಕೆರೆಗೆ ನಡೆದುಹೋಗಿ ನೀರು ಮುಟ್ಟಿದರು. ಅದರ ಮೇಲೆ ಹೂಡಿದ ದಾವೆ ಹೈಕೋರ್ಟಿನಲ್ಲಿ ಇತ್ಯರ್ಥವಾಗಲು 1937 ಬರಬೇಕಾಯಿತು, ಅದು ಬೇರೆ ಮಾತು. ಆದರೆ ಆ ನಾಲ್ಕು ವರ್ಷ ಸುಮ್ಮನೆ ಕಳೆದುಹೋಗಲಿಲ್ಲ. ಕಾದವರು ಎಷ್ಟು ದಿನ ಕಾದೆವು ಅಂತ ಎಣಿಸಿಕೊಂಡರು. ನಿನ್ನಂತೆ ನಾನೂ ಕಾಯುತ್ತಿದ್ದೇನೆ ಅಂತ ಪಕ್ಕದವನಿಗೆ ಹೇಳಿದರು. ಇನ್ನು ಕಾಯುವುದಿಲ್ಲ ಅಂತ ಒಂದು ದಿನ ಗೊತ್ತು ಮಾಡಿದರು. ಕಾಯುವ ಹೊತ್ತಿನ ಸದುಪಯೋಗ ಅಂದರೆ ನನಗೆ ಗೊತ್ತಿರುವುದು ಈ ಮೂರೇ.

ಇದನ್ನು ತಿಳಿಯಲು ಮಹಾರಾಷ್ಟ್ರದ ತನಕ ಹೋಗಬೇಕಾಗಿಯೂ ಇಲ್ಲ. ನಮ್ಮ ನೀಲಗಾರರು ತಂಬೂರಿ ಮೀಟಿಕೊಂಡು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿಯ ಕಥೆಯಲ್ಲಿ, ಮಂಟೇಸ್ವಾಮಿ ಕೊಳಕು ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಬಾಗಿಲು ಕಾಯುವವರು ಒಳಗೆ ಬಿಡುವುದಿಲ್ಲ. ಸಮಾನತೆಯ ಊರು ಅಂತ ಹೆಸರಾದ ಕಲ್ಯಾಣ ಅದು! ಅವನು ಕೈಮುಗಿದು ನಿಲ್ಲಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ತಿಪ್ಪೆಯಲ್ಲಿ ಬಿದ್ದುಕೊಂಡು ಒಳಗಿದ್ದ ಶರಣರ ನಿಜಬಣ್ಣ ಬಯಲಿಗೆಳೆದ. ಕೊನೆಗೆ ಬಸವಣ್ಣನೇ ಹೊರಗೆ ಬಂದು ಅವನನ್ನು ಹುಡುಕಬೇಕಾಯಿತು. ಪರೀಕ್ಷೆ ಮಾಡುವವರು ಒಳಗಿದ್ದಾರೆ, ಪರೀಕ್ಷೆಗೆ ಒಳಗಾಗುವವನು ಹೊರಗೆ ಕಾಯುತ್ತಾನೆ ಅನ್ನೋದನ್ನು ನಮ್ಮ ಕಥೆ ತಲೆಕೆಳಗು ಮಾಡಿದೆ. ಬಾಗಿಲ ಹೊರಗಿರುವವನೇ ಇಲ್ಲಿ ಒಳಗಿನವರನ್ನು ತೂಗುತ್ತಾನೆ. ಈ ಕಥೆ ಕೇಳಿ ಬೆಳೆದ ಜನ ತಾಲ್ಲೂಕು ಕಚೇರಿಯ ವರಾಂಡದಲ್ಲಿ ತಲೆ ತಗ್ಗಿಸಿ ಕೂರಬೇಕಾಗಿಲ್ಲ. ಅರ್ಜಿಗೆ ಸ್ವೀಕೃತಿ ಕೇಳಬೇಕು, ತಾರೀಖು ಬರೆಸಿಕೊಳ್ಳಬೇಕು, ಪಕ್ಕದಲ್ಲಿ ಕೂತ ಮುದುಕನ ಕಾಗದ ಓದಿ ಹೇಳಬೇಕು. ಸಾಲಿನಲ್ಲಿ ಒಬ್ಬೊಬ್ಬರೇ ನಿಂತಾಗ ಒಬ್ಬೊಬ್ಬನದೂ ಹಣೆಬರಹ. ಸಾಲಿನವರು ಒಬ್ಬರಿಗೊಬ್ಬರು ಮಾತಾಡಿಕೊಂಡರೆ ಅದು ಸಂಘ.

ಕಡೆಯ ಮಾತು ನಮಗೇ. ಇವತ್ತು ನಂಜನಗೂಡು, ಟಿ. ನರಸೀಪುರ ಎರಡೂ ಮೀಸಲು ಕ್ಷೇತ್ರಗಳು. ನಮ್ಮವರು ಶಾಸಕರಾಗಿದ್ದಾರೆ, ಮಂತ್ರಿಗಳಾಗಿದ್ದಾರೆ, ಆಫೀಸರುಗಳಾಗಿದ್ದಾರೆ. ನಮ್ಮ ಹುಡುಗ ಹುಡುಗಿಯರು ವಿಮಾನ ಹತ್ತುತ್ತಿದ್ದಾರೆ. ಹತ್ತಲಿ, ಬೋರ್ಡಿನ ಎದುರಿನ ಕುರ್ಚಿಯಲ್ಲಿ ಕೂತು ಓದಲಿ, ನನಗೆ ಸಂತೋಷ. ಆದರೆ ನಮ್ಮ ಕೇರಿಯಿಂದಲೇ ಹೋಗಿ ಮೇಜಿನ ಆಚೆ ಕೂತವನು ಈಚೆ ನಿಂತ ಮುದುಕಿಗೆ 'ನಾಳ ಬಾಮ್ಮ' ಅಂದರೆ, ಅವಳನ್ನು ಕಾಯಿಸುತ್ತಿರುವುದು ಹಳೆಯ ಗೌಡನ ಅಂಗಳವೇ, ಕುರ್ಚಿ ಮಾತ್ರ ಹೊಸದು. ಮನೆಯೊಳಗೂ ಹಾಗೆಯೇ. ಸಂಘದ ಸಭೆ ಮುಗಿಸಿ ಸಮಾನತೆಯ ಮಾತಾಡಿ ನಡುರಾತ್ರಿ ಬರುವ ಗಂಡಸಿಗೆ ಊಟ ಬಡಿಸಲು, ತಾನು ಉಣ್ಣದೆ ಕಾದು ಕೂತ ಹೆಣ್ಣುಮಗಳು ನಮ್ಮ ಹಟ್ಟಿಗಳಲ್ಲೂ ಇದ್ದಾಳೆ. ಅವಳ ಹೊತ್ತಿಗೆ ನಾವು ಕಟ್ಟಿದ ಬೆಲೆ ಎಷ್ಟು ಪೈಸೆ?

ನಮ್ಮ ಕಡೆ ಕೆಲವು ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರು. ರಾತ್ರಿ ಬರುವ ದೆವ್ವ ಓದಿಕೊಂಡು ವಾಪಸು ಹೋಗಲಿ ಅಂತ. ದೆವ್ವಕ್ಕೆ ಹೇಳುವ ಮಾತನ್ನು ಈ ನಾಡು ನಮಗೆ ಹೇಳಿಕೊಂಡು ಬಂತು. ನಾವು ದೆವ್ವಗಳಲ್ಲ, ಓದಿಕೊಂಡು ವಾಪಸು ಹೋಗುವವರೂ ಅಲ್ಲ. ಬಾಗಿಲಲ್ಲೇ ನಿಂತಿದ್ದೇವೆ, ಕಾಯುತ್ತಿದ್ದೇವೆ, ನಮ್ಮ ಮಾತಿನ ಮೂರನೆಯ ಅರ್ಥದಲ್ಲೂ. ನಾಳೆ ಅಂದವರು ಯಾವ ತಾರೀಖು ಅಂತ ಬರೆದು, ಕೆಳಗೆ ಸಹಿ ಹಾಕಿ ಕೊಡಲಿ.